ಆಮೇಲೆ ಎಂತಾಯಿತು?

ನಮ್ಮ ಮೆಲ್ಕಾರಿನಲ್ಲಿ ನೂರು ವರ್ಷದ ಆಯುಷ್ಯ ಧರ್ಮಕ್ಕೆ ಸಿಗುತ್ತದೆ. ಯಾರದೋ ಸುದ್ದಿ ಮಾತಾಡುತ್ತಿರುವಾಗ ಆ ಮನುಷ್ಯನೇ ಬಸ್ಸಿನಿಂದ ಇಳಿದು ಬಂದರೆ ಸಾಕು, “ನಿಮಗೆ ನೂರು ವರ್ಷ ಆಯುಷ್ಯ ಮಾರಾಯ್ರೆ, ಈಗಷ್ಟೇ ನಿಮ್ಮ ಹೆಸರು ಹೇಳಿದ್ದು” ಎಂದು ಕೊಟ್ಟುಬಿಡುತ್ತಾರೆ. ಮಗು ಸೀನಿದರೆ ಚಿರಂಜೀವಿ. ಮದುವೆ ಮನೆಯಲ್ಲಿ ಹಿರಿಯರ ಕಾಲಿಗೆ ಬಿದ್ದರೆ ಇನ್ನೊಂದು ನೂರು. ನಾನು ಸ್ವಲ್ಪ ಸುದ್ದಿಗೆ ಸಿಗುವ ಜನವಾದ್ದರಿಂದ, ಇಷ್ಟರವರೆಗೆ ಬಂದದ್ದನ್ನೆಲ್ಲ ಕೂಡಿಸಿದರೆ ನನ್ನ ಲೆಕ್ಕದಲ್ಲಿ ಕೆಲವು ಸಾವಿರ ವರ್ಷಗಳಾದರೂ ಜಮೆಯಾಗಿರಬೇಕು. ಕೊಟ್ಟವರು ಅಲ್ಲಿಗೇ ಮರೆಯುತ್ತಾರೆ. ನಾನು ಮರೆಯುವುದಿಲ್ಲ. ಅದರಲ್ಲಿ ಒಂದು ಪಾಲಾದರೂ ನಿಜವಾಗಿ ಕೈಗೆ ಬರಲಿ ಎಂದು ಒಳಗಿಂದೊಳಗೇ ಆಸೆ.

ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದರೆ ಮರ್ಯಾದೆ ಉಳಿಯುವುದಿಲ್ಲ. “ಅಟ್ಟ ಹತ್ತಿ ನಾಲ್ಕು ತೆಂಗಿನಕಾಯಿ ತೆಗೆದುಕೊಡಿ ಅಂದರೆ ಗಂಟುನೋವು ಅಂತೀರಿ. ಇನ್ನೂರು ವರ್ಷ ಬದುಕಿ ನಿಮಗೆ ಮಾಡ್ಲಿಕ್ಕೆ ಎಂತ ಉಂಟು?” ಎಂದಳು ಹೆಂಡತಿ. ಪ್ರಶ್ನೆ ಸರಿಯಾದದ್ದೇ. ಮಾಡಲಿಕ್ಕೆ ನನಗೆ ಏನೂ ಇಲ್ಲ, ಇದ್ದದ್ದನ್ನೇ ಸರಿಯಾಗಿ ಮಾಡಿದವನಲ್ಲ. ನೋಡಲಿಕ್ಕುಂಟು.

ಸಣ್ಣವನಿದ್ದಾಗ ಊರಿನ ಗದ್ದೆಯಲ್ಲಿ ಯಕ್ಷಗಾನದ ಆಟವಾಗುತ್ತಿತ್ತು. ಈಗಿನ ಹಾಗೆ ಕಾಲಮಿತಿಯದ್ದಲ್ಲ, ರಾತ್ರಿ ಚೆಂಡೆ ಕೂತರೆ ಬೆಳಕು ಹರಿದ ಮೇಲೆಯೇ ಮಂಗಳ. ದೊಡ್ಡ ವೇಷಗಳು ಚೌಕಿಯಲ್ಲಿ ಇನ್ನೂ ಬಣ್ಣ ಹಚ್ಚುತ್ತಿರುವಾಗಲೇ, “ನಾಳೆ ಶಾಲೆಯುಂಟು, ಏಳು” ಎಂದು ಅಪ್ಪ ರಟ್ಟೆ ಹಿಡಿದು ಎಬ್ಬಿಸುತ್ತಿದ್ದರು. ಗದ್ದೆಯ ಹುಣಿಯ ಮೇಲೆ ಟಾರ್ಚಿನ ಬೆಳಕಲ್ಲಿ ಮನೆಗೆ ನಡೆಯುವಾಗ ಬೆನ್ನಿಗೆ ಚೆಂಡೆಯ ಪೆಟ್ಟು. ಮರುದಿನ ಕೊನೆಯವರೆಗೆ ಕೂತವರು ಯಾರೆಂದು ಹುಡುಕಿ, “ಆಮೇಲೆ ಎಂತಾಯಿತು?” ಎಂದು ಕೇಳುವುದೇ ನನ್ನ ಕೆಲಸ. ಮಹಿಷಾಸುರ ಸಾಯುತ್ತಾನೆಂದು ಗೊತ್ತಿಲ್ಲದೆ ಅಲ್ಲ. ಸಾವೆಂದರೆ ನನಗೆ ಈಗಲೂ ಆ ರಟ್ಟೆ ಹಿಡಿದ ಕೈ. ಒಂದೇ ವ್ಯತ್ಯಾಸವೆಂದರೆ, ಇಲ್ಲಿ ಪ್ರಸಂಗ ಯಾವುದೆಂದು ಭಾಗವತರಿಗೂ ಗೊತ್ತಿಲ್ಲ, ಮರುದಿನ ಕೇಳೋಣವೆಂದರೆ ಜನವೂ ಸಿಗುವುದಿಲ್ಲ.

ಈ ಚಟಕ್ಕೆ ಊರಿನ ಪಾಲೂ ಇರಬೇಕು. ಬಿ.ಸಿ. ರೋಡು ಕಳೆದು, ನೇತ್ರಾವತಿಯ ಸಂಕ ದಾಟಿ, ಪಾಣೆಮಂಗಳೂರು ಹಿಂದೆ ಬಿಟ್ಟ ಕೂಡಲೆ ಮೆಲ್ಕಾರ್. ಒಂದು ಕವಲು ಮುಡಿಪು ಕಡೆಗೆ ತಿರುಗುತ್ತದೆ. ನೇರ ಹೋದರೆ ಕಲ್ಲಡ್ಕ, ಉಪ್ಪಿನಂಗಡಿ, ಶಿರಾಡಿ ಘಾಟಿ, ಬೆಂಗಳೂರು. ಜಂಕ್ಷನ್ನಿನಲ್ಲಿ ಬೆಳೆದವನಿಗೆ, ಹೋದವರೆಲ್ಲ ಎಲ್ಲಿ ಇಳಿದರು ಎಂಬ ಕುತೂಹಲ ಬಿಟ್ಟುಹೋಗುವುದಿಲ್ಲ. ಆ ಹೆದ್ದಾರಿಯ ಕಥೆಯೇ ಮುಗಿಯದೆ ಉಳಿದಿದೆ. ನಾನು ಶಾಲೆಗೆ ಹೋಗುವಾಗ ಅದರ ನಂಬರು 48, ಈಗ 75. ಬಿ.ಸಿ. ರೋಡಿನಿಂದ ಅಡ್ಡಹೊಳೆಯವರೆಗೆ ಚತುಷ್ಪಥ ಮಾಡುವ ಕೆಲಸ 2017ರಲ್ಲಿ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಕಲ್ಲಡ್ಕದ ಉದ್ದನೆಯ ಮೇಲ್ಸೇತುವೆ 2025ರಲ್ಲಿ ಓಡಾಟಕ್ಕೆ ಸಿಕ್ಕಿತು. ಅಷ್ಟರಲ್ಲಿ ಅಲ್ಲಿ ಕೆ.ಟಿ. ಎಂಬ ಕಲ್ಲಡ್ಕ ಟೀ ಕುಡಿಯುತ್ತ ಧೂಳು ನುಂಗಿದ ಎಷ್ಟೋ ಜನ, ಸೇತುವೆಯ ಮೇಲೆ ಒಂದು ಸಲವೂ ಹೋಗದೆ ಮೇಲೆ ಹೋದರು. ರೈಲಿನದ್ದೂ ಹಾಗೇ. ಮಂಗಳೂರು-ಹಾಸನ ಮೀಟರ್ ಗೇಜ್ ದಾರಿ 1979ರಲ್ಲಿ ಪೂರ್ತಿಯಾಗಿತ್ತು. ಹಳಿ ಅಗಲ ಮಾಡಲಿಕ್ಕೆಂದು 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ಗಾಡಿ ಮತ್ತೆ ಬಂದದ್ದು 2007ರ ಡಿಸೆಂಬರಿಗೆ. ಅಷ್ಟು ವರ್ಷದಲ್ಲಿ ಒಂದು ಮಗು ಹುಟ್ಟಿ ಐದನೇ ಕ್ಲಾಸಿಗೆ ಹೋಗುತ್ತದೆ. ನಮ್ಮ ತಾಲೂಕಿನಲ್ಲಿ ದೀರ್ಘಾಯುಷ್ಯ ಬೇಡಲಿಕ್ಕೆ ವೇದಾಂತ ಬೇಕಾಗಿಲ್ಲ, ಲೋಕೋಪಯೋಗಿ ಸಾಕು.

ನನ್ನ ಅಜ್ಜಿಗೆ ಈ ರೋಗ ಇರಲಿಲ್ಲ. ಅವರ ಪಂಚಾಂಗದಲ್ಲಿ ಇಸವಿಗಳಿಲ್ಲ, ಬೊಳ್ಳಗಳಿದ್ದವು. 1923ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ನುಂಗಿದ್ದಕ್ಕೆ ಹಳಬರು ಮಾರಿಬೊಳ್ಳ ಎನ್ನುತ್ತಾರೆ. ಅಜ್ಜಿಗೆ ಆಗ ಇನ್ನೂ ನಡೆಯಲಿಕ್ಕೆ ಬರುತ್ತಿರಲಿಲ್ಲವಂತೆ. ಆಮೇಲೆ 1974ರದ್ದು. ಹುಟ್ಟು, ಮದುವೆ, ಬಾಣಂತನ, ಭೂಸುಧಾರಣೆಯ ಡಿಕ್ಲರೇಶನ್, ಎಲ್ಲವೂ ಅವರ ಬಾಯಲ್ಲಿ ಈ ಎರಡು ಬೊಳ್ಳಗಳ ಆಚೆಗೋ ಈಚೆಗೋ ಬೀಳುತ್ತಿದ್ದವು. ಮುಂದೆ ಏನೇನೆಲ್ಲ ಬರಲಿಕ್ಕುಂಟು ನೋಡಿ ಅಜ್ಜಿ, ಚಂದ್ರನಲ್ಲಿ ಮನೆ ಕಟ್ಟುತ್ತಾರಂತೆ ಎಂದು ನಾನು ಹೇಳಿದರೆ, “ಎರಡು ಬೊಳ್ಳ ನೋಡಿದ್ದೇನೆ ಮಗಾ, ಮೂರನೆಯದು ಬೇಡ” ಎಂದು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮುಂದೆ ಬರುವುದೆಂದರೆ ಅವರಿಗೆ ನೀರು ಒಂದೇ. ಪಕ್ಕದ ಪುತ್ತೂರಿನ ಬಾಲವನದಲ್ಲಿ ಎಷ್ಟೋ ವರ್ಷ ಕಳೆದ ಶಿವರಾಮ ಕಾರಂತರು 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಬರೆದಾಗಲೂ, ಆ ಅಜ್ಜಿಗೆ ಕಾಣಿಸಿದ್ದು ಹಿಂದಿನದ್ದೇ. ಒಂದು ವಸ್ತು ಕೈಗೆ ಕೊಟ್ಟರೆ ಅದರ ಗತಕಾಲವೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ಮುಂದಿನದನ್ನು ಕಾಣುವ ಅಜ್ಜಿಯೊಬ್ಬಳು ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲವೆಂದು ನನ್ನ ದೂರು. ಕೈಗೆ ಮೊಬೈಲು ಕೊಟ್ಟು ಕೇಳಬಹುದಿತ್ತು.

ಆದರೆ ಅದೇ ಅಜ್ಜಿ, ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆಯ ಕಷಾಯ ಕುಡಿಯದೆ ಒಬ್ಬರನ್ನೂ ಬಿಡುತ್ತಿರಲಿಲ್ಲ. ಸೂರ್ಯ ಹುಟ್ಟುವ ಮೊದಲು ಕತ್ತಲಲ್ಲೇ ಹೋಗಿ ಮರದ ತೊಗಟೆ ತರಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದ ಗುದ್ದಿಯೇ ತೆಗೆಯಬೇಕು. ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಬೊಳ್ಳುಕಲ್ಲು ಅದರಲ್ಲಿ ಮುಳುಗಿಸಿದಾಗ ಚುಂಯ್ ಎಂದು ಏಳುವ ಹಬೆಯಲ್ಲೇ ಅರ್ಧ ಕಹಿ. ಕುಡಿದರೆ ವರ್ಷವಿಡೀ ರೋಗ ಹತ್ತಿರ ಸುಳಿಯದು ಎಂಬ ನಂಬಿಕೆ. ಮೇಲಿನಿಂದ ತಂಪಿಗೆ ಮೆಂತೆ ಗಂಜಿ. ಕತ್ತಲಲ್ಲಿ ಮರ ತಪ್ಪಿ ಕಾಸರ್ಕನ ತೊಗಟೆ ತಂದರೆ ಮಾತ್ರ ಆಯುಸ್ಸಿನ ಪ್ರಶ್ನೆ ಅವತ್ತೇ ತೀರ್ಮಾನ. ಹಾಗಾಗಿ ಗೊತ್ತಿದ್ದವರು ಹಿಂದಿನ ಸಂಜೆಯೇ ಮರ ನೋಡಿಟ್ಟು ಬರುತ್ತಾರೆ. ಅದೇ ದಿನ ನಮ್ಮ ನರಹರಿ ಪರ್ವತಕ್ಕೆ ಜನ ಸಾಲುಗಟ್ಟಿ ಹತ್ತುತ್ತಾರೆ, ಶಂಖ, ಚಕ್ರ, ಗದಾ, ಪದ್ಮ ಎಂಬ ತೀರ್ಥಗಳಲ್ಲಿ ಮೀಯಲಿಕ್ಕೆ. ಆಚೆ ಕಾರಿಂಜದಲ್ಲೂ ಅದೇ ಸಂಭ್ರಮ. ಕಾರಿಂಜದ ಬೆಟ್ಟಕ್ಕೆ ಒಂದೊಂದು ಯುಗದಲ್ಲಿ ಒಂದೊಂದು ಹೆಸರಂತೆ: ಕೃತಯುಗದಲ್ಲಿ ರೌದ್ರಗಿರಿ, ತ್ರೇತೆಯಲ್ಲಿ ಗಜೇಂದ್ರಗಿರಿ, ದ್ವಾಪರದಲ್ಲಿ ಭೀಮಶೈಲ, ಈಗ ಕೊಡ್ಯಮಲೆ. ನಾಲ್ಕು ಯುಗ ನೋಡಿದ ಬೆಟ್ಟದ ಮೇಲೆ ನಿಂತು ಒಂದು ವರ್ಷದ ಆರೋಗ್ಯ ಕೇಳುವ ನಮ್ಮವರ ವಿನಯ ನನಗಿಲ್ಲ.

ಪುರಾಣಗಳಲ್ಲಿ ನನ್ನ ಪಾರ್ಟಿಯವರು ಸಿಗುತ್ತಾರೋ ಎಂದು ಹುಡುಕಿದರೆ ನಿರಾಶೆಯೇ ಹೆಚ್ಚು. ಅಶ್ವತ್ಥಾಮನಿಗೆ ಮೂರು ಸಾವಿರ ವರ್ಷ ಅಲೆಯುವುದೇ ಶಿಕ್ಷೆ. ಯಯಾತಿ ಮಗನ ಯೌವನ ಕಡ ತೆಗೆದುಕೊಂಡು ಸಾವಿರ ವರ್ಷ ಸುಖಪಟ್ಟ, ಅವನಿಗೆ ಬೇಕಾದದ್ದು ನಾಳೆಯಲ್ಲ, ನಿನ್ನೆಯೇ ಮತ್ತೊಮ್ಮೆ. ಮಾರ್ಕಂಡೇಯ ಪರವಾಗಿಲ್ಲ. ಪ್ರಳಯವನ್ನು ಕಣ್ಣಾರೆ ಕಂಡು, ನೀರಿನ ಮೇಲೆ ಆಲದೆಲೆಯ ಮಗುವನ್ನೂ ಕಂಡು ಬಂದವನು. ನನಗೆ ಹೆಚ್ಚು ಹತ್ತಿರದವನು ಮಾತ್ರ ಕಕುದ್ಮಿ ಎಂಬ ರಾಜ. ಮಗಳು ರೇವತಿಗೆ ಸರಿಯಾದ ಗಂಡು ಯಾರೆಂದು ಕೇಳಲಿಕ್ಕೆ ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆಯುತ್ತಿತ್ತು, ನಡುವೆ ಮಾತಾಡುವುದು ಸರಿಯಲ್ಲವೆಂದು ಮುಗಿಯುವವರೆಗೆ ಕಾದ. ಮುಗಿದ ಮೇಲೆ ಬ್ರಹ್ಮ ನಕ್ಕು, ನೀನು ಮನಸ್ಸಿನಲ್ಲಿ ಇಟ್ಟುಕೊಂಡ ಗಂಡುಗಳೆಲ್ಲ ಸತ್ತು ಇಪ್ಪತ್ತೇಳು ಚತುರ್ಯುಗಗಳಾದವು ಎಂದ. ಇಳಿದು ಬಂದರೆ ಜನವೆಲ್ಲ ಗಿಡ್ಡವಾಗಿದ್ದರು. ಕೊನೆಗೆ ಬಲರಾಮನಿಗೆ ಮಗಳನ್ನು ಕೊಟ್ಟ. ಭವಿಷ್ಯಕ್ಕೆ ಹೋಗಲಿಕ್ಕೆ ನಮ್ಮವರು ಕಂಡುಹಿಡಿದ ದಾರಿ ಇದು: ಮಗಳಿಗೆ ಗಂಡು ನೋಡುವುದು, ಮತ್ತು ಕಛೇರಿ ಮುಗಿಯುವವರೆಗೆ ಮರ್ಯಾದೆಯಿಂದ ಕೂರುವುದು.

ಪರದೇಶದವರದ್ದು ಬೇರೆ ದಾರಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1773ರ ಒಂದು ಪತ್ರದಲ್ಲಿ, ತನ್ನನ್ನು ಮದೀರಾ ದ್ರಾಕ್ಷಾರಸದ ಪೀಪಾಯಿಯಲ್ಲಿ ಕೆಲವು ಜನ ಸ್ನೇಹಿತರ ಜೊತೆಗೆ ಮುಳುಗಿಸಿಟ್ಟು ನೂರು ವರ್ಷದ ಮೇಲೆ ಎಬ್ಬಿಸಿದರೆ ದೇಶ ಏನಾಗಿದೆ ಎಂದು ನೋಡಬಹುದಿತ್ತು ಎಂದು ಬರೆದ. ಸ್ನೇಹಿತರನ್ನು ಬಿಡಲಿಲ್ಲ ನೋಡಿ, ಬುದ್ಧಿವಂತ. 1967ರಲ್ಲಿ ಜೇಮ್ಸ್ ಬೆಡ್‌ಫೋರ್ಡ್ ಎಂಬ ಪ್ರೊಫೆಸರು ಸತ್ತ ಮೇಲೆ ದೇಹವನ್ನು ಹೆಪ್ಪುಗಟ್ಟಿಸಿ ಇಡಿಸಿಕೊಂಡ. ಮುಂದಿನ ಕಾಲದ ಡಾಕ್ಟರರಿಗಾಗಿ ದ್ರವ ಸಾರಜನಕದಲ್ಲಿ ಈಗಲೂ ಕಾಯುತ್ತಿದ್ದಾನೆ. ನಮ್ಮಲ್ಲಿ ಮದನಮೋಹನ ಮಾಳವೀಯರು 1938ರಲ್ಲಿ ಕಾಯಕಲ್ಪ ಚಿಕಿತ್ಸೆ ಮಾಡಿಸಿಕೊಂಡರು, 1946ರಲ್ಲಿ ತೀರಿಕೊಂಡರು. ಮುಂದಿನ ವರ್ಷ ಬಂದ ಸ್ವಾತಂತ್ರ್ಯ ಅವರಿಗೆ ಕಾಣಸಿಗಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಗಟ್ಟಿಯಾಗಿ ನಿಂತಿರುವುದು ಫ್ರಾನ್ಸಿನ ಜೀನ್ ಕಾಲ್ಮಾ ಎಂಬ ಅಜ್ಜಿ, 1875ರಿಂದ 1997ರವರೆಗೆ, 122 ವರ್ಷ. ಅದರ ಆಚೆಗೆ ದಾಖಲೆಯೊಂದಿಗೆ ಯಾರೂ ದಾಟಿಲ್ಲ. ಇನ್ನೂರು ಎಂದು ನಾನು ಕೇಳುತ್ತಿರುವುದು ಸ್ವಲ್ಪ ಜಾಸ್ತಿಯಾಯಿತೆಂದು ಅಲ್ಲಿಗೆ ನನಗೂ ಅನಿಸಿತು.

ಇನ್ಶೂರೆನ್ಸಿನ ಏಜೆಂಟರು ಮಾತ್ರ ನನ್ನನ್ನು ಅರ್ಥ ಮಾಡಿಕೊಂಡವರು. ನೂರನೇ ವರ್ಷದವರೆಗೆ ರಿಸ್ಕ್ ಕವರ್ ಇರುವ ಪಾಲಿಸಿಯುಂಟು ಅಣ್ಣ, ನೂರಕ್ಕೆ ಮೆಚೂರಿಟಿ ಎಂದು ಕಾಗದ ಬಿಡಿಸಿದರು. ನಾಮಿನಿಯ ಅಂಕಣಕ್ಕೆ ಬಂದಾಗ ಇಬ್ಬರಿಗೂ ನಗೆ. ನನಗೆ ನೂರಾಗುವಾಗ ನನ್ನ ಹೆಂಡತಿಯ ವಯಸ್ಸೆಷ್ಟು ಎಂದು ಲೆಕ್ಕ ಹಾಕಿದವರು, ಮಗನ ಹೆಸರು ಹಾಕುವ ಎಂದರು. ಅವನಿಗೂ ಆಗ ಪೆನ್ಶನ್ ಬರುವ ವಯಸ್ಸು. ಸ್ವಾತಂತ್ರ್ಯದ ಹೊತ್ತಿಗೆ ಈ ದೇಶದಲ್ಲಿ ಹುಟ್ಟುವ ಮಗುವಿನ ಸರಾಸರಿ ಆಯುಸ್ಸು ಮೂವತ್ತೆರಡರ ಸುಮಾರಿಗಿತ್ತು, ಈಗ ಎಪ್ಪತ್ತರ ಹತ್ತಿರ ಬಂದಿದೆ. ಹಾಗೆಂದು ಹಿಂದಿನವರೆಲ್ಲ ಮೂವತ್ತೆರಡಕ್ಕೆ ಸಾಯುತ್ತಿದ್ದರು ಎಂದಲ್ಲ. ಮುದುಕರು ಆಗಲೂ ಇದ್ದರು. ಸಾಯುತ್ತಿದ್ದದ್ದು ಸಣ್ಣ ಮಕ್ಕಳು, ಮನೆಗೊಂದು ಎರಡು ಎಂಬಂತೆ. ಸರಾಸರಿಯನ್ನು ಕೆಳಕ್ಕೆ ಜಗ್ಗಿದ್ದು ಆ ಮಕ್ಕಳು.

ಆ ಮಕ್ಕಳನ್ನು ತುಳುನಾಡು ಅಲ್ಲಿಗೇ ಬಿಡಲಿಲ್ಲ. ಸತ್ತ ಮಗು ಕುಲೆಯಾಗಿ ಆಚೆ ಲೋಕದಲ್ಲಿ ಬೆಳೆಯುತ್ತಿರುತ್ತದೆ, ಈಚೆಯ ಮಕ್ಕಳ ಜೊತೆಜೊತೆಗೇ ಅದಕ್ಕೂ ವರ್ಷ ತುಂಬುತ್ತದೆ. ಪ್ರಾಯಕ್ಕೆ ಬಂದಾಗ ಮನೆಯಲ್ಲಿ ಏನೋ ತೊಂದರೆ ಕಾಣಿಸುತ್ತದೆ, ಇದ್ದವರ ಮದುವೆಗೆ ಅಡ್ಡಿಯಾಗುತ್ತದೆ. ಪ್ರಶ್ನೆ ಇಡಿಸಿದರೆ, ನಿಮ್ಮಲ್ಲಿ ಒಂದು ಹೆಣ್ಣು ಮದುವೆಯಾಗದೆ ಉಳಿದಿದೆ ಎಂದು ಬರುತ್ತದೆ. ಆಮೇಲೆ ಸತ್ತ ಗಂಡು ಇರುವ ಮನೆ ಹುಡುಕಬೇಕು. ಜಾತಿ ಹೊಂದಬೇಕು, ಬರಿ, ಅಂದರೆ ಗೋತ್ರ, ಬೇರೆಯಾಗಬೇಕು, ವಯಸ್ಸು ಕೂಡಿಬರಬೇಕು. ಹುಡುಗನಿಗಿಂತ ಹುಡುಗಿ ದೊಡ್ಡವಳಾದಳು ಎಂದು ಗಂಡಿನ ಮನೆಯವರು ಒಪ್ಪದೆ ಸಂಬಂಧ ಮುರಿದದ್ದನ್ನೂ ಕೇಳಿದ್ದೇನೆ. 2024ರಲ್ಲಿ ಪುತ್ತೂರಿನ ಕಡೆಯ ಒಂದು ಮನೆಯವರು, ಮೂವತ್ತು ವರ್ಷದ ಹಿಂದೆ ತೀರಿಕೊಂಡ ಹೆಣ್ಣುಮಗುವಿಗೆ ಗಂಡು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶವಿಡೀ ಸುದ್ದಿಯಾಯಿತು. ಹೊರಗಿನವರು ನಕ್ಕರು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ಒಂದು ಮಗುವಿನ ವಯಸ್ಸನ್ನು ಯಾರೋ ಮನಸ್ಸಿನಲ್ಲೇ ಎಣಿಸುತ್ತ ಬಂದಿದ್ದಾರೆ. ಈಗ ಶಾಲೆಗೆ ಹೋಗುತ್ತಿದ್ದಳು, ಈಗ ಎಸ್ಸೆಸ್ಸೆಲ್ಸಿ, ಈಗ ನಮ್ಮ ದೊಡ್ಡವಳ ಹಾಗೆ ಉದ್ದ ಕೂದಲು.

ಇಂಥ ಒಂದು ಮದುವೆಗೆ ದೊಡ್ಡಮ್ಮನ ಮನೆಯ ಕಡೆಯಿಂದ ನಾನೂ ಹೋಗಿದ್ದೇನೆ. ಮಣೆಯ ಮೇಲೆ ಸೀರೆ, ಪಂಚೆ, ಬಳೆ, ಕರಿಮಣಿ, ಹೂವು. ಎರಡೂ ಕಡೆಯವರು ಬೀಗರಾಗಿ, ಅಕ್ಕಿಕಾಳು ಹಾಕಿ, ಆಮೇಲೆ ಊಟಕ್ಕೆ ಕೋಳಿ ಸುಕ್ಕ, ಮೀನು ಫ್ರೈ. ಮದುವೆಯಾಗದ ಹುಡುಗರನ್ನು ಹತ್ತಿರ ಬಿಡುವುದಿಲ್ಲ. ಹೆಣ್ಣಿನ ತಾಯಿ, ಎಪ್ಪತ್ತು ದಾಟಿದವರು, ಸೀರೆಯ ಅಂಚನ್ನು ಮತ್ತೆ ಮತ್ತೆ ಸರಿ ಮಾಡುತ್ತಿದ್ದರು. “ಬಣ್ಣ ಸ್ವಲ್ಪ ಗಾಢ ಆಯ್ತೋ ಅಂತ,” ಎಂದರು ನನ್ನ ಹತ್ತಿರ. “ಅವಳು ಬೆಳ್ಳಗೆ ಇದ್ದಳು.” ಭವಿಷ್ಯ ನೋಡುವುದೆಂದರೆ ನಾನು ರಾಕೆಟ್ಟು, ರೋಬೋಟು ಎಂದು ಹಂಬಲಿಸುತ್ತಿದ್ದರೆ, ಇಲ್ಲಿ ಒಬ್ಬರು ಹತ್ತು ತಿಂಗಳೂ ತುಂಬದ ಮಗುವಿನ ಭವಿಷ್ಯವನ್ನು ತಾವೇ ನೇಯ್ದು ಕೈಯಲ್ಲಿ ಹಿಡಿದು ನೋಡುತ್ತಿದ್ದರು.

ಆಟಿಯಲ್ಲಿ ಉಳಿದ ಸತ್ತವರಿಗೂ ಬಡಿಸುವುದುಂಟು. ಅವರವರಿಗೆ ಮೆಚ್ಚಿನದ್ದು ಎಲೆಗೆ ಹಾಕಿ, ಬೀಡಿ ಸೇದುತ್ತಿದ್ದವರಿಗೆ ಬೀಡಿಯನ್ನೂ ಇಟ್ಟು, ಬಾಗಿಲು ಎಳೆದು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಅಂದಮೇಲೆ ನಾನು ಸತ್ತರೂ ವರ್ಷಕ್ಕೊಮ್ಮೆ ಬಂದು ಹೋಗಲಿಕ್ಕೆ ವ್ಯವಸ್ಥೆ ಉಂಟಲ್ಲ ಎಂದು ಒಂದು ಹೊತ್ತು ಸಮಾಧಾನವಾಯಿತು. ಯೋಚಿಸಿ ನೋಡಿದರೆ ಅದು ಸಾಕಾಗುವುದಿಲ್ಲ. ಕುಲೆ ಬರುವುದು ಮನೆಗೆ. ಯಾರಿಗೆ ಮಗುವಾಯಿತು, ತೋಟದಲ್ಲಿ ಅಡಿಕೆ ಹೇಗಿದೆ ಎಂದು ತಿಳಿಯಬಹುದು. ಮಂಗಳ ಗ್ರಹಕ್ಕೆ ಜನ ಹೋದರೋ, ಕ್ಯಾನ್ಸರಿಗೆ ಮದ್ದು ಸಿಕ್ಕಿತೋ, ಕನ್ನಡ ಉಳಿಯಿತೋ ಎಂದು ಎಲೆಯ ಬದಿಯಲ್ಲಿ ಪೇಪರು ಮಡಚಿ ಇಡುವ ಪದ್ಧತಿ ಇನ್ನೂ ಬಂದಿಲ್ಲ.

ನನಗೆ ಬೇಕಾದ ಇನ್ನೂರು ವರ್ಷವನ್ನು ಒಬ್ಬನಿಗೆ ಕೊಟ್ಟದ್ದುಂಟು, ಅದೂ ನಮ್ಮ ಬಗಲಲ್ಲೇ. ಮೆಲ್ಕಾರಿನಿಂದ ಪಣೋಲಿಬೈಲು ಹತ್ತಿರ, ಕಲ್ಲುರ್ಟಿಯ ಅಗೆಲು ಸೇವೆಗೆ ಎಲ್ಲೆಲ್ಲಿಂದಲೋ ಜನ ಬರುವ ಜಾಗ. ಕಲ್ಲುರ್ಟಿಯ ಅಣ್ಣ ಕಲ್ಕುಡ ಕಲ್ಲುಕುಟಿಗ. ಪಾಡ್ದನ ಹೇಳುವ ಪ್ರಕಾರ ಅಪ್ಪ ಬೆಳಗೊಳದ ಗೊಮ್ಮಟನನ್ನು ಕಡೆದವನು, ಮಗ ಕಾರ್ಕಳದ್ದನ್ನು. ಇಂಥದ್ದು ಇನ್ನೊಂದು ಎಲ್ಲೂ ಆಗಬಾರದೆಂದು ಕಾರ್ಕಳದ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಉಳಿದ ಒಂದು ಕೈ, ಒಂದು ಕಾಲಿನಲ್ಲೇ ಹೋಗಿ ಅವನು ವೇಣೂರಿನಲ್ಲಿ ಮತ್ತೊಂದು ಗೊಮ್ಮಟನನ್ನು ನಿಲ್ಲಿಸಿದ. ಆಮೇಲೆ ಅಣ್ಣ ತಂಗಿ ಮಾಯವಾದರು, ದೈವಗಳಾದರು, ಅರಸನನ್ನು ಬಿಡಲಿಲ್ಲ. ಶಾಸನಗಳ ಲೆಕ್ಕ ಬೇರೆ. ಕಾರ್ಕಳದ ಗೊಮ್ಮಟ 1432ರದ್ದು, ವೇಣೂರಿನದ್ದು ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ್ದು. ನಡುವೆ 172 ವರ್ಷ. ಕಾರ್ಕಳಕ್ಕೆ ಕೈ ಹಾಕುವಾಗ ಅವನಿಗೆ ಇಪ್ಪತ್ತೈದು ಮೂವತ್ತಾದರೂ ಆಗಿರಬೇಡವೇ? ಇನ್ನೂರಾಯಿತು. ಬೆಳಗೊಳದ್ದು ಹತ್ತನೇ ಶತಮಾನದ ಕೊನೆಯದ್ದಾದ್ದರಿಂದ ಅಪ್ಪನ ಆಯುಸ್ಸನ್ನು ಕೇಳುವುದೇ ಬೇಡ. ಚರಿತ್ರೆಯವರು ಇದನ್ನು ತಪ್ಪೆನ್ನುತ್ತಾರೆ. ನನಗೆ ಮಾತ್ರ ಪಾಡ್ದನ ಕಟ್ಟಿದವರ ಮೇಲೆ ವಿಶ್ವಾಸ. ಇಷ್ಟು ದೊಡ್ಡ ಕೆಲಸ ಮಾಡಿದವನಿಗೆ ಕಾಲ ಸಾಲದೆ ಹೋಗಬಾರದೆಂದು ಅವರು ಕೊಟ್ಟುಬಿಟ್ಟರು. ಅವನು ಆ ಇನ್ನೂರು ವರ್ಷದಲ್ಲಿ ಏನು ನೋಡಿದ ಎಂಬ ಮಾತು ಪಾಡ್ದನದಲ್ಲಿಲ್ಲ. ಕಡೆದದ್ದು ಮಾತ್ರ ಇದೆ.

ವೇಣೂರಿನ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಾಭಿಷೇಕ. 2000, 2012, 2024. ಬೆಳ್ತಂಗಡಿ ಕಡೆಯ ಹಿರಿಯರು ಆಯುಸ್ಸನ್ನು ಅಳೆಯುವುದು ಈ ಕೋಲಿನಲ್ಲೇ. ಅಟ್ಟಳಿಗೆಯ ಮೇಲಿನಿಂದ ಹಾಲು, ಅರಸಿನ ಇಳಿಯುವುದನ್ನು ನೋಡುತ್ತ ನನ್ನ ಬದಿಯಲ್ಲಿ ಕೂತಿದ್ದ ಒಬ್ಬರು, “ಮುಂದಿನದಕ್ಕೆ ನಾನಿಲ್ಲ, ನಿಮಗೆ ಸಿಕ್ಕೀತು” ಎಂದರು, ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಷ್ಟೇ ಸಲೀಸಾಗಿ. ನನಗೆ ಹೊಟ್ಟೆಕಿಚ್ಚಾಯಿತು, ಆ ಸಲೀಸಿನ ಬಗ್ಗೆ. ನಮ್ಮ ಸುತ್ತಮುತ್ತ ತಾವಿಲ್ಲದ ಕಾಲಕ್ಕೆ ಏರ್ಪಾಡು ಮಾಡಿಟ್ಟವರೇ ತುಂಬಿದ್ದಾರೆ. ಕಟೀಲಿನಲ್ಲಿ ಹರಕೆಯ ಆಟಕ್ಕೆ ಮೇಳಗಳು ಎಷ್ಟಿದ್ದರೂ ಸಾಲದೆ, ಬುಕ್ಕಿಂಗ್ ಹತ್ತಾರು ವರ್ಷ ಮುಂದಕ್ಕೆ ಹೋಗುತ್ತದೆ. ಎಂಬತ್ತು ದಾಟಿದವರೂ ಹೋಗಿ ಹೆಸರು ಬರೆಸಿ ರಶೀದಿ ತರುತ್ತಾರೆ. ಆ ರಾತ್ರಿ ಚೌಕಿಪೂಜೆಗೆ ಅವರು ಇರುವುದಿಲ್ಲವೆಂದು ಬರೆದುಕೊಂಡವರಿಗೂ ಬರೆಸಿದವರಿಗೂ ಗೊತ್ತು. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ಓಲೆಗಳನ್ನು ಯಾರು ಓದುತ್ತಾರೆಂದು ಗೊತ್ತಿಲ್ಲದೆಯೇ ತಲೆತಲಾಂತರ ಕಾಪಾಡಿಕೊಂಡು ಬಂದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ನಕಲು ತೆಗೆಯುವ ಕೆಲಸ ಶುರುವಾಗಿ, ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಆ ಓಲೆ ಕೊಡುವ ಶ್ರೀತಾಳೆ, ನಮ್ಮ ಕಡೆಯ ಪಣೋಲಿ, ಮೂವತ್ತರಿಂದ ಎಂಬತ್ತು ವರ್ಷ ಸುಮ್ಮನೆ ನಿಂತು, ಒಂದೇ ಒಂದು ಸಲ ತಲೆಯ ಮೇಲೆ ಲಕ್ಷಗಟ್ಟಲೆ ಹೂ ಬಿಟ್ಟು, ಕಾಯಿ ಉದುರಿಸಿ ಸಾಯುತ್ತದೆ. ಹೂ ಬಂದರೆ ಊರಿಗೆ ಕೇಡೆಂದು ಮೊದಲೇ ಕಡಿದು ಹಾಕುವವರೂ ಇದ್ದರು. ಮರಕ್ಕೆ ಅಷ್ಟೂ ವರ್ಷ ಕಾದದ್ದು ದಂಡ.

ಕಾಯುವುದೆಂದಾಗ ನನಗೆ ಕಯ್ಯಾರ ಕಿಞ್ಞಣ್ಣ ರೈಗಳ ನೆನಪಾಗದೆ ಇರುವುದಿಲ್ಲ. 1915ರ ಜೂನ್ 8ರಂದು ಹುಟ್ಟಿದವರು. ಬದಿಯಡ್ಕದ ಹತ್ತಿರ ಪೆರಡಾಲದಲ್ಲಿ ಮೇಷ್ಟ್ರು, ಕೃಷಿಕ, ಕವಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದಾಗ ಅವರಿಗೆ ನಲವತ್ತೊಂದು. ಅದು ಕರ್ನಾಟಕಕ್ಕೆ ಸೇರುವುದನ್ನು ನೋಡಬೇಕು ಎಂಬುದು ಅವರ ಹಟ. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸಲ್ಲಬೇಕು ಎಂದಾಗ ಅವರಿಗೆ ಐವತ್ತೆರಡು. ವರದಿ ಕಪಾಟಿಗೆ ಹೋಯಿತು. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗುವಾಗ ಎಂಬತ್ತೆರಡು, ಆಗಲೂ ಅದೇ ಮಾತು. ನೂರು ತುಂಬಿತು, ಊರು ಹಬ್ಬ ಮಾಡಿತು, 2015ರ ಆಗಸ್ಟ್ 9ಕ್ಕೆ ಹೋದರು. ಯಾರೂ ಕೊಡಲಾರದಷ್ಟು ಆಯುಸ್ಸು ಸಿಕ್ಕಿತು, ನೋಡಬೇಕೆಂದದ್ದು ಸಿಗಲಿಲ್ಲ. ಹಾಗೆಂದು ಅವರು ಗಡಿಯಾರ ನೋಡುತ್ತ ಕೂತವರೂ ಅಲ್ಲ. ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟ ಮನುಷ್ಯ ತೋಟಕ್ಕಿಳಿದು ಕೆಲಸ ಮಾಡಿದರು. ಒಂದೇ ಒಂದು ಸಂಗತಿಗಾಗಿ ಬದುಕಬೇಕೆಂದರೆ ನೂರೂ ಸಾಲದು ಎಂದು ಅವರನ್ನು ನೋಡಿ ನಾನು ಕಲಿತೆ, ಆದ್ದರಿಂದ ನನ್ನ ಪಟ್ಟಿಯನ್ನು ಉದ್ದ ಮಾಡಿಕೊಂಡೆ. ಒಂದಲ್ಲದಿದ್ದರೆ ಒಂದು ಆದೀತು.

ಪಟ್ಟಿಯಲ್ಲಿ ಖಂಡಿತ ಆಗುವಂಥದ್ದು ಒಂದುಂಟು, ಅದಕ್ಕೆ ಸರ್ಕಾರದ ಒಪ್ಪಿಗೆ ಬೇಡ: ಹ್ಯಾಲಿ ಧೂಮಕೇತು. 1986ರಲ್ಲಿ ಬಂದಾಗ ನನಗೆ ಇಪ್ಪತ್ತು. ಬೆಳಗಿನ ಜಾವ ಎದ್ದು ನರಹರಿ ಪರ್ವತದ ಅರ್ಧಕ್ಕೆ ಹತ್ತಿ ಸ್ನೇಹಿತರೊಂದಿಗೆ ಹುಡುಕಿದೆವು. ಮಸುಕಾದ ಏನೋ ಒಂದು ಕಂಡಿತು, ಅದೇ ಎಂದು ಬಹುಮತದಿಂದ ತೀರ್ಮಾನಿಸಿದೆವು. ಅದು ಮತ್ತೆ ಬರುವುದು 2061ಕ್ಕೆ, ಈ ಸಲಕ್ಕಿಂತ ಚೆನ್ನಾಗಿ ಕಾಣುತ್ತದಂತೆ. ಕಾರಂತರು 1902ರಲ್ಲಿ ಹುಟ್ಟಿ 1997ರವರೆಗೆ ಇದ್ದವರು, ಧೂಮಕೇತು ಬಂದ 1910 ಮತ್ತು 1986 ಎರಡೂ ಅವರ ಆಯುಸ್ಸಿನೊಳಗೆ ಬಿದ್ದವು. 2061ಕ್ಕೆ ನನಗೆ ತೊಂಬತ್ತೈದು, ಸರಿಯಾಗಿ ಕಾರಂತರ ವಯಸ್ಸು. ಇನ್ನೂರು ಕೇಳುವವನು ತೊಂಬತ್ತೈದಕ್ಕೆ ಇಳಿದದ್ದನ್ನು ಹೆಂಡತಿಗೆ ಹೇಳಿದೆ. “ಅಷ್ಟಾದರೆ ಆಗಬಹುದು, ಸಕ್ಕರೆ ಕಡಿಮೆ ಮಾಡಿ” ಎಂದು ಅರ್ಧ ಒಪ್ಪಿಗೆ ಸಿಕ್ಕಿತು.

ತೊಂದರೆ ಆಮೇಲೆ ಗೊತ್ತಾದದ್ದು. ಅದು ಸೂರ್ಯನ ಹತ್ತಿರಕ್ಕೆ ಬರುವುದು 2061ರ ಜುಲೈ 28ಕ್ಕೆ. ಜುಲೈ 28 ಎಂದರೆ ಆಟಿ! ಮೂವತ್ತೈದು ವರ್ಷ ಪಥ್ಯ ಮಾಡಿ, ವರ್ಷ ವರ್ಷ ಪಾಲೆಯ ಕಷಾಯ ಕುಡಿದು ಜೀವ ಹಿಡಿದುಕೊಂಡರೂ ಮೆಲ್ಕಾರಿನ ಆಕಾಶದಲ್ಲಿ ಅವತ್ತು ಧೂಮಕೇತು ಬಿಡಿ, ಸೂರ್ಯ ಕಂಡರೆ ಪುಣ್ಯ. ನೋಡಬೇಕಿದ್ದರೆ ಘಟ್ಟ ಹತ್ತಿ ಮಳೆ ಇಲ್ಲದ ಕಡೆಗೆ, ಚಳ್ಳಕೆರೆಯ ಆಚೆಗೆಲ್ಲೋ ಹೋಗಬೇಕು. ಜುಲೈಯಲ್ಲಿ ಶಿರಾಡಿ ಕುಸಿದು ಬಂದ್ ಆಗಿರುವ ಸಂಭವವೇ ಹೆಚ್ಚು, ಚಾರ್ಮಾಡಿಯಲ್ಲಿ ಸುತ್ತು ಬಳಸಿ ಹೋಗುವುದು ಕ್ಷೇಮ. ತೊಂಬತ್ತೈದರಲ್ಲಿ ನಾನು ಡ್ರೈವ್ ಮಾಡುವುದು ಯಾರಿಗೂ ಕ್ಷೇಮವಲ್ಲ. ಹಾಗಾಗಿ ಮೂರನೇ ಕ್ಲಾಸಿನಲ್ಲಿರುವ ಅಕ್ಕನ ಮೊಮ್ಮಗನನ್ನು ಕರೆದು, ನಿನಗೆ ಆಗ ನಲವತ್ತಮೂರೋ ನಲವತ್ತನಾಲ್ಕೋ ಆಗಿರುತ್ತದೆ, ಆ ಜುಲೈಯಲ್ಲಿ ಒಂದು ವಾರ ರಜೆ ಹಾಕಿ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗಬೇಕು ಎಂದು ಈಗಲೇ ಮಾತು ತೆಗೆದುಕೊಳ್ಳಲು ನೋಡಿದೆ.

“ಆಗ ಕಾರು ಇರುವುದಿಲ್ಲ ಅಜ್ಜ” ಎಂದ.

“ಮತ್ತೆ ಎಂತದರಲ್ಲಿ ಹೋಗುವುದು?” ಎಂದು ಕೇಳಿದೆ. ಅವನಿಗೆ ಹೋಮ್‌ವರ್ಕ್ ಇತ್ತು.